ಗಿರಾಕಿ ಕುರ್ಚಿ

ಅಪ್ಪನ ಕಟಿಂಗ್ ಶಾಪ್‌ನಲ್ಲಿ ಇದ್ದದ್ದು ಒಂದೇ ಕುರ್ಚಿ. ಊರಿಗೆ ಊರೇ ಅದರ ಮೇಲೆ ಕೂತು ಎದ್ದಿದೆ, ಅಪ್ಪ ಮಾತ್ರ ಒಮ್ಮೆಯೂ ಕೂತಿಲ್ಲ. ಗಿರಾಕಿಯ ಜಾಗದಲ್ಲಿ ಕೂತರೆ ಕಸುಬು ಕೈಬಿಡುತ್ತದೆಂದು ಅವನ ನಂಬಿಕೆ. ಕೂರದಿದ್ದರೂ ಅದು ಕೈಬಿಟ್ಟಿತು. ಕೈ ನಡುಗತೊಡಗಿತು, ಅಂಗಡಿ ಮುಚ್ಚಿದ. ಕುರ್ಚಿ ಕೊಂಡವರು ಅವತ್ತು ಮಧ್ಯಾಹ್ನ ಬಂದು ಒಯ್ಯುವವರಿದ್ದರು.

ಅಷ್ಟರೊಳಗೆ ಅವನನ್ನು ಅದರಲ್ಲಿ ಕೂರಿಸಿ ಚಿತ್ರ ಬರೆಯಬೇಕೆಂದು ಅಕ್ಕ ಹಟ ಹಿಡಿದಳು. ಅಕ್ಕನ ಜಲವರ್ಣ ನನ್ನ ತಲೆಗೆ ಹತ್ತುವಂಥದ್ದಲ್ಲ. ಅವಳ ಕೈಗೆ ಸಿಕ್ಕವರ ಮೂಗು ನೀಲಿ, ಕೆನ್ನೆ ಹಸಿರು, ಸುತ್ತಲೂ ದಪ್ಪ ಗೆರೆ. ನನ್ನ ಮುಖವನ್ನು ಹಳದಿ ಮಾಡಿದ್ದಳು. ಅದನ್ನು ನೋಡಿದ ನನ್ನ ಹೆಂಡತಿ, ಕಾಮಾಲೆ ಇರಬೇಕು, ಡಾಕ್ಟರಿಗೆ ತೋರಿಸಿ ಎಂದಿದ್ದಳು.

ಅಪ್ಪ ಜಪ್ಪಯ್ಯ ಅಂದರೂ ಕೂರಲಿಲ್ಲ.

"ಅದು ಗಿರಾಕಿ ಜಾಗ. ಬೇಕಾದ್ರೆ ಪಕ್ಕದಲ್ಲಿ ನಿಂತ್ಕೋತೀನಿ."

"ನೀನು ನಿಂತಿರೋದನ್ನ ಹುಟ್ಟಿದಾಗಿಂದ ನೋಡಿದೀನಿ ಕಣಪ್ಪಾ," ಎಂದಳು ಅಕ್ಕ.

ಅಪ್ಪನ ಗಡ್ಡ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ದಿನಾ ಕನ್ನಡಿ ಮುಂದೆ ನಿಂತು ತಾನೇ ಬೋಳಿಸಿಕೊಳ್ಳುತ್ತಿದ್ದವನ ಮುಖದ ತುಂಬ ಬಿಳಿ ಕೂಳೆ. ನಡುಗುವ ಕೈಯಲ್ಲಿ ಅದು ಆಗದು, ಇನ್ನೊಬ್ಬರನ್ನು ಕೇಳಲು ನಾಲಿಗೆ ಏಳದು.

"ಹಾಗಾದ್ರೆ ಗಿರಾಕಿಯಾಗೇ ಕೂತ್ಕೋ. ಶೇವಿಂಗ್ ನಾನು ಮಾಡ್ತೀನಿ," ಎಂದೆ. ನಾನು ಬಸ್ಸಿನಲ್ಲಿ ಟಿಕೆಟ್ ಹರಿಯುವವನು. ಕತ್ತಿ ಹಿಡಿದವನೇ ಅಲ್ಲ.

"ನೀನಾ? ಕತ್ತು ಉಳಿಯುತ್ತೇನೋ?" ಎಂದ. ಗಡ್ಡ ಕೆರೆದುಕೊಂಡ. ಆಮೇಲೆ ಕೂತ, ಅಂಚಿನಲ್ಲಿ, ನೆಂಟರ ಮನೆಗೆ ಬಂದವನ ಹಾಗೆ.

ಬಿಳಿ ಬಟ್ಟೆ ಹೊದಿಸಿದೆ. ನಡುಗುವ ಕೈಗಳು ಅದರಡಿ ಮರೆಯಾದವು. ನಾನು ನೊರೆ ಹಚ್ಚಿದೆ, ಅಕ್ಕ ಬಣ್ಣ ಕಲಸಿದಳು.

"ಮೇಲಿಂದ ಕೆಳಕ್ಕೆ ಬಾ. ಚರ್ಮ ಎಳೆದು ಹಿಡ್ಕೊಳ್ಳೋ. ಏನು, ಹೊಲ ಉಳ್ತಿದೀಯಾ?" ಬೈಯುತ್ತ ಬೈಯುತ್ತಲೇ ಅಪ್ಪ ಹಿಂದಕ್ಕೆ ಒರಗಿದ, ಕಣ್ಣು ಮುಚ್ಚಿದ. ಗದ್ದದಲ್ಲಿ ಒಂದು ಕಡೆ ಕೊಯ್ದೆ. ಕಣ್ಣು ತೆರೆಯಲಿಲ್ಲ.

ಮುಗಿದ ಮೇಲೆ ಚಿತ್ರವನ್ನು ದೂರ ಹಿಡಿದು ನೋಡಿದ. "ಮುಖ ನೇರಳೆಹಣ್ಣು ಮಾಡಿದೀಯ, ಇರ್ಲಿ. ನೊರೆಗೂ ಬಟ್ಟೆಗೂ ಬಣ್ಣ ಹಾಕೋದೇ ಮರ್ತಿದೀಯಲ್ಲೇ?"

"ಬಿಳಿಗೆ ಬಣ್ಣ ಹಾಕಲ್ಲಪ್ಪಾ. ಹಾಳೆನೇ ಹಾಗೇ ಬಿಡೋದು."

"ಒಳ್ಳೇ ಉಳಿತಾಯ."

ಎದ್ದು ಬಟ್ಟೆ ಕೊಡವಿದ. ಕುರ್ಚಿಯ ಮೇಲೆ ಬಿದ್ದ ತನ್ನ ಕೂದಲನ್ನು ತಾನೇ ಒರೆಸಿದ. ಆಮೇಲೆ, ಜೀವಮಾನವೆಲ್ಲ ಕರೆದ ಧ್ವನಿಯಲ್ಲೇ, ಬಾಗಿಲ ಕಡೆ ತಿರುಗದೆ ಕರೆದ.

"ಹೂಂ, ಮುಂದಿನವರು ಬನ್ನಿ."

ಕುರ್ಚಿ ಒಯ್ಯಲು ಬಂದು ಹೊರಗೆ ಕಾಯುತ್ತಿದ್ದವರು ಒಳಗೆ ಬಂದರು.