ವಾಸನೆಯಿಲ್ಲದ ಕೆಸರು

ಕೆಸರನ್ನು ಜರಡಿ ಹಿಡಿದಿದ್ದರು.

ಗೇರಮ್ಮ ಅದನ್ನು ಮೊದಲು ನಂಬಲಿಲ್ಲ. ಬಗ್ಗಿ ಒಂದಿಷ್ಟು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದಳು. ಕಲ್ಲಿಲ್ಲ, ಕಡ್ಡಿಯಿಲ್ಲ, ಗಾಜಿನ ಚೂರಿಲ್ಲ. ಮುಖಕ್ಕೆ ಹಚ್ಚಿಕೊಂಡರೂ ನಡೆಯುವಂಥ ನುಣುಪು. ಮೈದಾನದ ಮೂಲೆಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಗುಂಡಿ ಗಟ್ಟಿಯಾಗುತ್ತಿದೆ ಅನ್ನಿಸಿದಾಗಲೆಲ್ಲ ಯಾರೋ ಹೋಗಿ ಪೈಪಿನಿಂದ ನೀರು ಬಿಡುತ್ತಿದ್ದರು. ಕಾರು ಕಂಪನಿಯ ಹೊಸ ಗಾಡಿ ಗುಂಡಿಗಿಳಿದು, ಎರಡೂ ಕಡೆ ರೆಕ್ಕೆ ಬಿಚ್ಚಿದಂತೆ ಕೆಸರು ಹಾರಿಸಿ, ಫೋಟೋ ತೆಗೆಸಿಕೊಂಡು ಮೇಲೆ ಬಂದ ಕೂಡಲೇ ಅದನ್ನು ತೊಳೆದು, ಒರೆಸಿ, ಸರದಿಯಲ್ಲಿದ್ದ ಮುಂದಿನ ಪತ್ರಕರ್ತನ ಕೈಗೆ ಒಪ್ಪಿಸುತ್ತಿದ್ದರು. ಅವನೂ ಅದೇ ಗುಂಡಿಗೆ ಇಳಿದು, ಅದೇ ರೆಕ್ಕೆ ಬಿಚ್ಚಿ, ಕೈ ಬೀಸುತ್ತಿದ್ದ.

ಪತ್ರಿಕೆಯೊಂದರ ವಾಹನ ಪುಟಕ್ಕೆ ಗಾಡಿಗಳನ್ನು ಓಡಿಸಿ ನೋಡಿ ಬರೆಯುವುದು ಅವಳ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಸದಾ ಗೇರು ಹಾಕುವವಳೆಂದು ಮಿಕ್ಕ ಕಡೆಯೆಲ್ಲ ಗೇರಮ್ಮನೇ. ಈ ಕೆಲಸಕ್ಕೆ ಬಂದ ಮೇಲೆ ಬಗೆಬಗೆಯ ಸುಳ್ಳು ನೋಡಿದ್ದಳು, ಆದರೆ ಕೆಸರಿಗೂ ಮೇಕಪ್ಪು ಮಾಡಿದ್ದನ್ನು ಇದೇ ಮೊದಲು ನೋಡುತ್ತಿದ್ದಳು.

"ಹೇಗಿದೆ ಮೇಡಂ ನಮ್ಮ ಟ್ರ್ಯಾಕು?" ಕಂಪನಿಯ ಪ್ರಚಾರದವನು ಹಲ್ಲು ಬಿಟ್ಟುಕೊಂಡು ಬಂದ. ಬಿಸಿಲಿಗೆ ಎಲ್ಲರೂ ಬೆವೆತು ನೀರಾಗಿದ್ದರೂ ಅವನ ಅಂಗಿಯ ಒಂದು ಗೆರೆ ಕದಲಿರಲಿಲ್ಲ. ಗೇರಮ್ಮ ಮನಸ್ಸಿನಲ್ಲೇ ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಳು.

"ಚೆನ್ನಾಗಿದೆ. ಸ್ವಲ್ಪ ಸಕ್ಕರೆ ಹಾಕಿದ್ದರೆ ಕುಡಿಯಬಹುದಿತ್ತು."

ಇಸ್ತ್ರಿ ಅದನ್ನು ಹೊಗಳಿಕೆ ಎಂದೇ ತಿಳಿದು ನಕ್ಕ.

ಗಾಡಿ ಮಾತ್ರ ಕೆಟ್ಟದ್ದಲ್ಲ ಎಂಬುದೇ ಅವಳಿಗೆ ಇನ್ನಷ್ಟು ಕಿರಿಕಿರಿ. ಮಧ್ಯಮ ಗಾತ್ರದ ಎಸ್‌ಯುವಿ; ಹಳೆಯದಕ್ಕೇ ಹೊಸ ರೂಪ ಕೊಟ್ಟು ಬಿಟ್ಟಿದ್ದರು. ಎಂಜಿನ್ನಿಗೆ ದಮ್ಮಿತ್ತು. ಏರು ಹತ್ತುವಾಗ ಏದುಸಿರು ಬಿಡುತ್ತಿರಲಿಲ್ಲ, ಇಳಿಜಾರಿನಲ್ಲಿ ತಾನೇ ತಾನಾಗಿ ಬ್ರೇಕು ಹಿಡಿದುಕೊಂಡು ಹೆಜ್ಜೆಹೆಜ್ಜೆಗೆ ಇಳಿಯುತ್ತಿತ್ತು. ಆದರೆ ಒಳಗೆ ಕೈ ಹಾಕಿದಲ್ಲೆಲ್ಲ ಬರೀ ನುಣುಪು. ಹಳೆಯದರಲ್ಲಿದ್ದ ಒತ್ತುಗುಂಡಿಗಳನ್ನೆಲ್ಲ ಕಿತ್ತು ಬಿಸಾಕಿ, ತಟ್ಟೆಯಷ್ಟು ದೊಡ್ಡ ಪರದೆಯೊಂದನ್ನು ನಿಲ್ಲಿಸಿದ್ದರು. ಫ್ಯಾನು ಬೇಕೆಂದರೂ ಪರದೆ, ಗಾಳಿ ಬೇಡವೆಂದರೂ ಪರದೆ. ಮೇಲಿಂದ ಎಲ್ಲೋ ಒಂದು ಸುಗಂಧದ ಪೆಟ್ಟಿಗೆ ಅಡಗಿಸಿಟ್ಟಿದ್ದರು. ಅದರಿಂದ ಬಾಡಿದ ಹೂವು ಮತ್ತು ನೆಲ ಒರೆಸುವ ಔಷಧಿ ಸೇರಿದಂಥ ಕಮಟು ಬಿಟ್ಟೂ ಬಿಡದೆ ಬರುತ್ತಿತ್ತು.

"ಇದನ್ನ ಆಫ್ ಮಾಡೋದು ಹೇಗೆ?"

"ಯಾಕೆ ಆಫ್ ಮಾಡಬೇಕು ಮೇಡಂ?" ಇಸ್ತ್ರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಎರಡು ದಿನ ಓಡಿಸಿ ನೋಡಲೆಂದು ಅವಳು ಗಾಡಿಯನ್ನು ಮನೆಗೆ ತಂದಳು. ಅದು ಅವಳ ಪದ್ಧತಿ. ಮೈದಾನದಲ್ಲಿ ಓಡಿಸಿದ್ದು ಅರ್ಧ ಪರೀಕ್ಷೆ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ ಬಂದರೆ ಉಳಿದರ್ಧ. ಅಮ್ಮನಿಗೆ ಕಿಡ್ನಿ ಕೈಕೊಟ್ಟಿತ್ತು. ದಿನ ಬಿಟ್ಟು ದಿನ ಡಯಾಲಿಸಿಸ್. ಮುಗಿಸಿಕೊಂಡು ಬರುವಾಗ ಹೊಟ್ಟೆಯೊಳಗಿನದು ಗಂಟಲಿನಲ್ಲೇ ಕೂತಿರುತ್ತಿತ್ತು. ಅದಕ್ಕೇ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಗಾಡಿ ಹತ್ತುವಳು. ಯಾವ ಗಾಡಿಯಲ್ಲಿ ಮುಚ್ಚಳ ತೆಗೆಯುವ ಪ್ರಸಂಗ ಬರಲಿಲ್ಲವೋ ಅದು ಗೇರಮ್ಮನ ಲೆಕ್ಕದಲ್ಲಿ ಪಾಸು.

ಈ ಸಲ ವಿಷಯ ಪತ್ರಿಕೆಯದ್ದಷ್ಟೇ ಆಗಿರಲಿಲ್ಲ. ಟೈಲ್ಸ್ ಅಂಗಡಿ ಇಟ್ಟಿದ್ದ ತಮ್ಮ ಇದೇ ಗಾಡಿಯನ್ನು ಆಗಲೇ ಬುಕ್ ಮಾಡಿಬಿಟ್ಟಿದ್ದ. ಮನೆಯ ಹಳೇ ಗಾಡಿಯನ್ನು ಬದಲಿಗೆ ಕೊಡುವುದೆಂದೂ ಮಾತಾಗಿತ್ತು. ಅಪ್ಪನ ಕಾಲದ ಆ ಗಾಡಿಗೆ ಮನೆಯವರು ಮುದುಕ ಎನ್ನುತ್ತಿದ್ದರು. ನೀರು ಕಂಡರೆ ಕೆಮ್ಮುತ್ತಿತ್ತು, ಗುಂಡಿ ಕಂಡರೆ ನಿಂತುಬಿಡುತ್ತಿತ್ತು. ಈ ವಾರ ಅದು ಹೋಯಿತೆಂದರೆ ಮುಂದೆ ಅಮ್ಮ ಆಸ್ಪತ್ರೆಗೆ ಹೋಗಿ ಬರಬೇಕಾದದ್ದು ಹೊಸದರಲ್ಲೇ.

ತಮ್ಮ ಗೇಟಿನಲ್ಲೇ ಕಾಯುತ್ತಿದ್ದ. ಗಾಡಿಯ ಸುತ್ತ ಸುತ್ತಿದ. ಬಾನೆಟ್ಟಿನ ಮೇಲೆ ಕೈಯಾಡಿಸಿದ. ಅವನ ಮುಖ ನೋಡಿದರೆ ಗಾಡಿಗೆ ದೃಷ್ಟಿಯಾದೀತು ಎನ್ನುವಂತಿತ್ತು.

"ನೋಡಮ್ಮ, ಮುಖ ಹೇಗಿದೆ."

ಅಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣು ಕಿರಿದು ಮಾಡಿ ನೋಡಿದಳು. "ಮದುಮಗ ಇದ್ದ ಹಾಗಿದಾನೆ ಕಣೋ. ಹಲ್ಲು ಜಾಸ್ತಿ."

"ಅದು ಗ್ರಿಲ್ಲಮ್ಮ."

"ಅದೇ, ಹಲ್ಲು. ಮಾತಿಗೆ ಮುಂಚೆ ನಗೋರನ್ನ ನಾನು ನಂಬಲ್ಲಪ್ಪ."

"ಅಕ್ಕ, ನೀನಾದ್ರೂ ಹೇಳು. ಓಡಿಸಿದೀಯಲ್ಲ?"

"ಅಮ್ಮನ್ನ ಕೂರಿಸಿಕೊಂಡು ಓಡಿಸಿಲ್ಲ ಇನ್ನೂ," ಎಂದಳು ಗೇರಮ್ಮ.

ಮಾರನೆಯ ದಿನ ಆಸ್ಪತ್ರೆಗೆ ಹೋಗುವಾಗ ಅವಳೇ ಓಡಿಸಿದಳು. ಅವರ ಬೀದಿಯಿಂದ ಹೊರಗೆ ಹೋಗಲು ಒಂದು ದೊಡ್ಡ ಚರಂಡಿಯ ಪಕ್ಕದ ರಸ್ತೆ ಬಿಟ್ಟರೆ ಬೇರೆ ದಾರಿಯಿಲ್ಲ. ಪೈಪು ಹಾಕಲೆಂದು ಅಗೆದವರು ಹಾಗೆಯೇ ಬಿಟ್ಟು ಹೋಗಿದ್ದರು. ಆವತ್ತು ಬೆಳಿಗ್ಗೆ ಅಲ್ಲಿ ಬರೀ ತೇವವಿತ್ತು, ಗಾಡಿ ಸಲೀಸಾಗಿ ದಾಟಿತು. ದೊಡ್ಡ ರಸ್ತೆಗೆ ಬಿದ್ದ ಮೇಲಂತೂ ಹೆಸರಿಡುವಂತಿರಲಿಲ್ಲ. ಸ್ಟೀರಿಂಗು ಹೂವೆತ್ತಿದಷ್ಟು ಹಗುರ, ಸಂದಿಯಲ್ಲಿ ತಿರುಗಿಸಲು ಸುಲಭ, ಉಬ್ಬುಗಳ ಮೇಲೆ ಹತ್ತಿ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ. ಗಾಡಿ ಹತ್ತುವಾಗ ಮಾತ್ರ ಅಮ್ಮನಿಗೆ ಕಾಲು ಎಟುಕದೆ ಅಕ್ಕ ತಮ್ಮ ಇಬ್ಬರೂ ಸೇರಿ ಎತ್ತಿ ಕೂರಿಸಬೇಕಾಯಿತು.

"ಗೋದಾಮಿಗೆ ಮೂಟೆ ಏರಿಸಿದ ಹಾಗೆ ಏರಿಸಿದ್ರಲ್ಲೋ," ಎಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು ಕಿಟಕಿಯ ಕೆಳಗೆ ಕೈಯಾಡಿಸುತ್ತ, "ತಿರುಗಿಸೋ ಹಿಡಿ ಎಲ್ಲಿದೆ?" ಎಂದು ಕೇಳಿದಳು.

"ಈಗ ಯಾರೂ ತಿರುಗಿಸಲ್ಲಮ್ಮ," ತಮ್ಮ ನಕ್ಕ. "ಎಲ್ಲಾ ಅದೇ ನೋಡಿಕೊಳ್ಳತ್ತೆ."

ಅವರು ಆಸ್ಪತ್ರೆಯೊಳಗಿದ್ದಷ್ಟು ಹೊತ್ತೂ ಹೊರಗೆ ಮಳೆ ಸುರಿಯಿತು. ಹೊರಬರುವಾಗ ಅಮ್ಮನ ಮುಖ ಸುಣ್ಣದ ಗೋಡೆಯಂತಾಗಿತ್ತು. ಡಬ್ಬಿಯನ್ನು ಎದೆಗವುಚಿಕೊಂಡು ಕೂತಳು. ಗೇರಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು. ತಮ್ಮ ಸ್ಟೀರಿಂಗ್ ಹಿಡಿದ.

ಚರಂಡಿಯ ರಸ್ತೆ ಈಗ ರಸ್ತೆಯಾಗಿ ಉಳಿದಿರಲಿಲ್ಲ. ಚರಂಡಿ ಉಕ್ಕಿ, ಅಗೆದ ಮಣ್ಣಿನ ಜೊತೆ ಬೆರೆತು, ಕಪ್ಪಗೆ, ಜಿಡ್ಡುಜಿಡ್ಡಾಗಿ ಹರಡಿಕೊಂಡಿತ್ತು. ಮೇಲೆ ನೊರೆ. ನೊರೆಯ ನಡುವೆ ಹಳಸಿದ ಅನ್ನ, ಮಗುವಿನ ಚಡ್ಡಿ, ಹೊಟ್ಟೆ ಉಬ್ಬಿದ ಹೆಗ್ಗಣ. ಗುಳ್ಳೆಯೊಂದು ಎದ್ದು, ಯೋಚಿಸಿದಂತೆ ನಿಂತು, ಪಟ್ಟನೆ ಒಡೆಯಿತು.

"ಇದಕ್ಕೇ ಅಲ್ವಾ ಅಕ್ಕ ಈ ಗಾಡಿ ಇರೋದು," ಎಂದ ತಮ್ಮ. ಅವನ ದನಿಯಲ್ಲಿದ್ದ ಹುರುಪು ಕೇಳಿ ಗೇರಮ್ಮನಿಗೆ ಆಗಲೇ ಅಳುಕಾಯಿತು. ಅವನು ಪರದೆಯ ಮೇಲೆ ಮಡ್ ಮೋಡ್ ಎಂದು ಬರೆದಿದ್ದ ಕೆಸರಿನ ಚಿತ್ರವನ್ನು ಒತ್ತಿದ.

ಗಾಡಿ ಗಂಭೀರವಾಗಿ ಗುರುಗುಟ್ಟಿತು. ಕಿಟಕಿಗಳೆಲ್ಲ ತಾವಾಗಿಯೇ ಮೇಲೇರಿ ಬಿಗಿದುಕೊಂಡವು, ಕೆಸರು ಒಳಗೆ ಹಾರಬಾರದಲ್ಲ. ಗಾಜು ಮಂಜಾಗಬಾರದೆಂದು ಫ್ಯಾನು ಭೋರೆಂದು ಹೊರಗಿನ ಗಾಳಿಯನ್ನು ಎಳೆಯತೊಡಗಿತು. ಗಾಳಿ ಎಳೆಯುವ ಬಾಯಿಯನ್ನು ಈ ಹೊಸ ರೂಪದಲ್ಲಿ ತಂದು ಇಟ್ಟಿದ್ದು ಕೆಳಗೆ, ಆ ಹಲ್ಲುಗಳ ಹಿಂದೆ. ಅಂದರೆ ಚರಂಡಿಯ ಮೂತಿಗೆ ನೇರವಾಗಿ.

ಮೊದಲು ಬಂದದ್ದು ಒಂದು ಎಳೆ. ಆಮೇಲೆ ಇಡೀ ಚರಂಡಿಯೇ ಮುಖಕ್ಕೆ ರಾಚಿತು. ಕೊಳೆತ ಮೊಟ್ಟೆ, ಕಕ್ಕಸು, ಸತ್ತ ಹೆಗ್ಗಣ ಎಲ್ಲವೂ ಮುಂದಿನಿಂದ, ಪಕ್ಕದಿಂದ, ಹಿಂದಿನ ಸೀಟಿಗೆಂದೇ ಹೊಸದಾಗಿ ಕೊಟ್ಟಿದ್ದ ಪುಟ್ಟ ಕಿಂಡಿಯಿಂದ ತಣ್ಣಗೆ ಬೀಸಿ ಬರುತ್ತಿತ್ತು. ಅದರ ಮೇಲೆ ಆ ಬಾಡಿದ ಹೂವಿನ ಸುಗಂಧ. ಬರೀ ಚರಂಡಿಯನ್ನಾದರೂ ತಡೆಯಬಹುದು. ಪೌಡರ್ ಹಾಕಿಕೊಂಡ ಚರಂಡಿಯನ್ನು ಹೇಗೆ ತಡೆಯುವುದು.

"ಗಾಳಿ ನಿಲ್ಲಿಸೋ," ಎಂದಳು ಗೇರಮ್ಮ, ಸೆರಗಿನಿಂದ ಅಮ್ಮನ ಮೂಗು ಮುಚ್ಚುತ್ತ.

"ಒತ್ತುತಾ ಇದೀನಿ. ಈ ಮಡ್ ಮೋಡಲ್ಲಿ ಅದು ಬದಲಾಗಲ್ವಂತೆ. ನಮ್ಮ ಸುರಕ್ಷತೆಗಂತೆ."

"ಕಿಟಕಿ ತೆಗಿ."

"ಅದೂ ಆಗ್ತಿಲ್ಲ."

"ಮೋಡೇ ತೆಗೆದುಬಿಡು."

"ಅದಕ್ಕೆ ನಿಲ್ಲಿಸಬೇಕಂತೆ ಅಕ್ಕ. ಇಲ್ಲಿ ನಿಂತ್ರೆ ಹೂತುಕೊಳ್ಳತ್ತೆ."

ಅಮ್ಮ ಕಿಟಕಿಯ ಕೆಳಗೆ ಕೈಯಾಡಿಸುತ್ತಿದ್ದಳು. ಇಲ್ಲದ ಹಿಡಿಯನ್ನು ಆ ಬೆರಳುಗಳು ಹುಡುಕಿದವು, ಮತ್ತೆ ಹುಡುಕಿದವು. ಆಮೇಲೆ ಡಬ್ಬಿಯ ಮುಚ್ಚಳಕ್ಕೆ ಬಂದವು. ಅಷ್ಟರಲ್ಲಿ ಚಕ್ರ ಯಾವುದೋ ಹೊಂಡಕ್ಕೆ ಇಳಿದು ಎದ್ದಿತು. ಡಬ್ಬಿ ಕೈತಪ್ಪಿತು, ಅಮ್ಮನಿಗೆ ವಾಂತಿ ಉಕ್ಕಿಬಂತು. ಮುಂದಿನ ಸೀಟಿನ ಬೆನ್ನು, ನೆಲದ ಹಾಸು, ಗೇರಮ್ಮನ ಮಡಿಲು, ಅಮ್ಮನ ಸೀರೆ, ಎಲ್ಲ ಕಡೆಯೂ ಬೆಚ್ಚಗೆ, ಹುಳಿಯಾಗಿ ಚೆಲ್ಲಿಕೊಂಡಿತು.

ತಮ್ಮ ಕನ್ನಡಿಯಲ್ಲಿ ನೋಡಿದ. ಅವನ ಕೈ ತಟ್ಟನೆ ಮೂಗಿಗೆ ಹೋಯಿತು.

"ಅಯ್ಯೋ, ಸೀಟು," ಎಂದ.

ಅದೇ ಅವನ ಬಾಯಿಂದ ಬಂದ ಮೊದಲ ಮಾತು. ಗಾಡಿ ಮಾತ್ರ ಕೆಸರು ದಾಟಿ ಗಟ್ಟಿ ನೆಲ ಹತ್ತಿತ್ತು, ಅಷ್ಟನ್ನು ಒಪ್ಪಲೇಬೇಕು; ಒಂದು ಕಡೆಯೂ ತಡವರಿಸಿರಲಿಲ್ಲ.

"ತಪ್ಪಾಯ್ತಪ್ಪ," ಎಂದಳು ಅಮ್ಮ ಸಣ್ಣ ದನಿಯಲ್ಲಿ. "ಕಂಪನಿಯವರ ಗಾಡಿ. ನಾನು ಒರೆಸಿಕೊಡ್ತೀನಿ."

ಗೇರಮ್ಮನಿಗೆ ಮಡಿಲಲ್ಲಿದ್ದದ್ದು ಹೇಸಿಗೆಯೆನಿಸಲಿಲ್ಲ. ಹೇಸಿಗೆಯೆನಿಸಿದ್ದು ತಮ್ಮನ ಮೂಗಿನ ಮೇಲಿದ್ದ ಆ ಕೈ. ಅವನನ್ನು ತೊಳೆದು ಬೆಳೆಸಿದವಳ ಮುಂದೆ ಮೂಗು ಮುಚ್ಚಿಕೊಂಡ ಕೈ. ಬೈಯುವುದನ್ನು ಬಿಟ್ಟು ಸೆರಗಿನಿಂದ ಅಮ್ಮನ ಬಾಯಿ ಒರೆಸಿದಳು.

ಸಂಜೆ ಗಾಡಿ ವಾಪಸು ಒಯ್ಯಲು ಇಸ್ತ್ರಿ ಬಂದ. ಅಷ್ಟರಲ್ಲಿ ಗೇರಮ್ಮ ಹಾಸುಗಳನ್ನು ತಿಕ್ಕಿ ತೊಳೆದಿದ್ದಳು. ತಮ್ಮ ಕಾಂಪೌಂಡ್ ಗೋಡೆಗೆ ಒರಗಿ ನಿಂತಿದ್ದ, ಮಧ್ಯಾಹ್ನದಿಂದ ಯಾರ ಮುಖವನ್ನೂ ನೋಡಿರಲಿಲ್ಲ. ಇಸ್ತ್ರಿ ಗಾಡಿಯ ಬಾಗಿಲು ತೆರೆದವನೇ ಕರ್ಚೀಫು ಹುಡುಕಿಕೊಂಡ.

"ಏನು ಮೇಡಂ ಇದು?"

"ಚರಂಡಿ. ನಿಮ್ಮ ಮಡ್ ಮೋಡ್ ಒಳಗೆ ಎಳೆದುಕೊಂಡು ಬಂದದ್ದು. ಮಿಕ್ಕಿದ್ದು ನಮ್ಮಮ್ಮನದು."

"ಈ ಮೋಡನ್ನ ನಾವು ತಿಂಗಳುಗಟ್ಟಲೆ ಟೆಸ್ಟ್ ಮಾಡಿದೀವಿ ಮೇಡಂ. ಒಂದು ಕಂಪ್ಲೇಂಟ್ ಬಂದಿಲ್ಲ."

"ಎಲ್ಲಿ ಟೆಸ್ಟ್ ಮಾಡಿದ್ರಿ?"

"ಟ್ರ್ಯಾಕಲ್ಲೇ. ನೀವೇ ನೋಡಿದ್ರಲ್ಲ."

ಗೇರಮ್ಮ ಅವನನ್ನೇ ನೋಡಿದಳು. ಜರಡಿ ಹಿಡಿದ ಮಣ್ಣು, ಟ್ಯಾಂಕರಿನ ಕುಡಿಯುವ ನೀರು. ಇಷ್ಟು ಓದಿದವರು, ಇಷ್ಟು ಜನ, ತಿಂಗಳುಗಟ್ಟಲೆ ಅದೇ ಗುಂಡಿಯಲ್ಲಿ ಹೊರಳಾಡಿದ್ದರು. ಕೆಸರಿಗೆ ವಾಸನೆ ಇರುತ್ತದೆ ಎಂಬುದು ಒಬ್ಬರ ಮೂಗಿಗೂ ತಿಳಿದಿರಲಿಲ್ಲ, ಯಾಕೆಂದರೆ ಅವರ ಕೆಸರಿಗೆ ವಾಸನೆಯೇ ಇರಲಿಲ್ಲ.

"ಇದು ನಮ್ಮ ಕೆಸರಲ್ಲ ಮೇಡಂ," ಎಂದ ಇಸ್ತ್ರಿ, ಚಕ್ರಕ್ಕೆ ಮೆತ್ತಿದ್ದನ್ನು ದೂರದಿಂದಲೇ ತೋರಿಸುತ್ತ. "ನೋಡಿ, ಇದು ಬೇರೆ ತರಹದ್ದು. ಇಂಥ ಕಡೆ ನಮ್ಮ ಕಸ್ಟಮರ್‌ಗಳು ಹೋಗಲ್ಲ."

"ನಮ್ಮ ಮನೆಗೆ ಇದೊಂದೇ ದಾರಿ."

"ಅದು ಸರಿ. ಆದ್ರೆ ಕಾಯಿಲೆಯವರನ್ನ ಕೂರಿಸಿಕೊಂಡು..." ಅವನು ನಕ್ಕ, ಆ ಮೈದಾನದ ನಗುವನ್ನೇ. "ಬೇಜಾರು ಮಾಡ್ಕೋಬೇಡಿ, ಅಂಥವರಿಗೆ ಆಂಬುಲೆನ್ಸ್ ಇರತ್ತಲ್ಲ. ಇದು ಲೈಫ್‌ಸ್ಟೈಲ್ ಗಾಡಿ."

ಗೋಡೆಗೆ ಒರಗಿದ್ದ ತಮ್ಮ ನೆಟ್ಟಗಾದ. ಅವನ ಕಿವಿ ಕೆಂಪಗಾಗಿತ್ತು.

"ಅಂಥವರು ಅಂದ್ರೆ ಯಾರು?"

"ಸರ್, ನಾನು ಸುಮ್ಮನೆ—"

"ಕರ್ಚೀಫು ತೆಗೆದು ಮಾತಾಡಿ. ಮನೆಯೊಳಗೆ ನಮ್ಮಮ್ಮ ಇದಾರೆ, ಕಿಟಕಿಯಿಂದ ಕಾಣತ್ತೆ."

ಇಸ್ತ್ರಿ ಕರ್ಚೀಫನ್ನು ಜೇಬಿಗೆ ತುರುಕಿದ. ಅಂಗಿಯ ಮೇಲೆ ಮೊದಲ ಸಲ ಒಂದು ಸುಕ್ಕು ಬಿತ್ತು.

"ನಾನೊಂದು ಗಾಡಿ ಬುಕ್ ಮಾಡಿದೀನಿ, ಇದೇ ಬಣ್ಣ," ಎಂದ ತಮ್ಮ. "ಶೋರೂಮಿನವರಿಗೆ ಹೇಳಿಬಿಡಿ, ಬೇಡ ಅಂತ. ನಾನೂ ಫೋನ್ ಮಾಡ್ತೀನಿ." ಅಷ್ಟು ಹೇಳಿ ಅಕ್ಕನ ಕಡೆ ತಿರುಗದೆ ಒಳಗೆ ಹೋದ.

ಗೇರಮ್ಮ ತನ್ನ ವಿಮರ್ಶೆಯಲ್ಲಿ ಎಂಜಿನ್ನನ್ನು ಹೊಗಳಿದಳು, ಸ್ಟೀರಿಂಗನ್ನು ಹೊಗಳಿದಳು, ಏರು ಇಳಿವುಗಳಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿದಳು. ಆಮೇಲೆ, ಈ ಗಾಡಿಯಲ್ಲಿ ನಿಮ್ಮ ಅಮ್ಮನನ್ನು ಕೂರಿಸಬೇಡಿ ಎಂದು ಬರೆದು, ಯಾಕೆಂಬುದನ್ನು ಒಂದನ್ನೂ ಮುಚ್ಚಿಡದೆ, ಹೆಗ್ಗಣವನ್ನೂ ಬಿಡದೆ ಬರೆದಳು. ಓದಿದವರು ತಿಂಡಿ ಪಕ್ಕಕ್ಕಿಟ್ಟರಂತೆ. ಇಟ್ಟರೆ ಇಡಲಿ ಎಂದುಕೊಂಡಳು.

ಮುಂದಿನ ಡಯಾಲಿಸಿಸ್ಸಿನ ದಿನ ಮುದುಕನೇ ಹೊರಟ. ಅಮ್ಮ ಯಾರ ಕೈಯೂ ಹಿಡಿಯದೆ ತಾನೇ ಹತ್ತಿದಳು. ಹೋಗುವಾಗ ಹೇಗೋ ದಾಟಿತು. ಬರುವಾಗ ಚರಂಡಿಯ ರಸ್ತೆಯ ನಟ್ಟನಡುವೆ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಸುತ್ತ ಅದೇ ನೊರೆ, ಅದೇ ಜಿಡ್ಡು. ಹೆಗ್ಗಣ ಮಾತ್ರ ಈಗ ಎಲ್ಲಿ ಹೆಗ್ಗಣ, ಎಲ್ಲಿ ಕೆಸರು ಎಂದು ಹೇಳಲಾಗದ ಸ್ಥಿತಿಗೆ ಬಂದಿತ್ತು. ಅಮ್ಮ ತಕ್ಷಣ ಹಿಡಿಯನ್ನು ಗರಗರ ತಿರುಗಿಸಿ ತನ್ನ ಕಿಟಕಿಯನ್ನು ಬಿಗಿಯಾಗಿ ಮುಚ್ಚಿಕೊಂಡಳು. ಡಬ್ಬಿ ತೊಡೆಯ ಮೇಲೆಯೇ ಇತ್ತು, ಮುಚ್ಚಳ ಹಾಕಿದ ಹಾಗೆಯೇ.

ತಮ್ಮ ಒಂದು ಕ್ಷಣ ಸ್ಟೀರಿಂಗಿನ ಮೇಲೆ ಹಣೆಯಿಟ್ಟ. ಆಮೇಲೆ ಪ್ಯಾಂಟು ಮಡಚಿ ಬಾಗಿಲು ತೆರೆದು ಇಳಿದ. ಪಿಚಕ್ಕೆಂಬ ಸದ್ದಿನೊಂದಿಗೆ ಮೀನಖಂಡದವರೆಗೆ ಹೂತುಹೋದ. ಗೇರಮ್ಮ ಸ್ಟೀರಿಂಗಿಗೆ ಬಂದಳು. ಅವನು ಹಿಂದೆ ಹೋಗಿ ಭುಜ ಕೊಟ್ಟ. ಕಾಲಿನ ಬೆರಳುಗಳ ಸಂದಿಯಿಂದ ಏನೋ ಜಾರಿಹೋದದ್ದಕ್ಕೆ ಅವನ ಮುಖ ಕಿವುಚಿಕೊಂಡಿತು. ಗಂಟಲಿಗೆ ಬಂದದ್ದನ್ನು ನುಂಗಿಕೊಂಡು ತಳ್ಳಿದ.

ಅಮ್ಮ ಕಿಟಕಿಯನ್ನು ಬೆರಳು ತೂರುವಷ್ಟು ಇಳಿಸಿದಳು.

"ಮೂಗು ಮುಚ್ಚಿಕೊಳ್ಳೋ," ಎಂದು ಕೂಗಿದಳು. "ನಾನೇನೂ ಅಂದುಕೊಳ್ಳಲ್ಲ."

"ಎರಡು ಕೈಯೂ ಗಾಡಿ ಮೇಲಿದೆಯಮ್ಮ," ಎಂದ ಅವನು ಹಿಂದಿನಿಂದ. "ನೀನು ಕಿಟಕಿ ಹಾಕ್ಕೋ ಮೊದಲು."