ಯೋಬಯ್ಯ ಆರಿಸಿದ ಕಲ್ಲು

ಹಳೇಬೀಡಿನ ಹೊರಗೆ ಕ್ರೈಸ್ತರ ಪ್ರಾರ್ಥನಾ ಮಂದಿರದ ಗೋಡೆ ಎದ್ದಿತ್ತು. 1934ರ ಮಾತು. ಬಾಗಿಲ ಮೇಲೆ ಅಡ್ಡಕಲ್ಲು ಏರಿಸುವುದು ಬಾಕಿಯಿತ್ತು. ಭಾನುವಾರ ಅರಸೀಕೆರೆಯಿಂದ ಪಾದ್ರಿಗಳು ಬರುವವರಿದ್ದರು.

ಸಭೆಗೆ ಸೇರಿದ ಹನ್ನೊಂದು ಮನೆಗಳಲ್ಲಿ ಒಂಬತ್ತು, ಕಲ್ಲು ಒಡೆಯುವವರ ಮನೆಗಳು. ಆದರೂ ಕಲ್ಲು ಆರಿಸಿದವನು, ಪಾದ್ರಿಗಳಿಲ್ಲದಾಗ ಪ್ರಾರ್ಥನೆ ನಡೆಸುವ ಉಪದೇಶಿ ಯೋಬಯ್ಯ. ಮೂರು ದಿನ ಉಪವಾಸವಿದ್ದು, ಜ್ಞಾನ ಕೊಡು ಎಂದು ದೇವರನ್ನು ಕೇಳಿ, ನಾಲ್ಕನೆಯ ದಿನ ಗಣಿಗೆ ಹೋಗಿ ಎಲ್ಲಕ್ಕಿಂತ ನುಣುಪಾದ ಕಲ್ಲಿನ ಮೇಲೆ ಕೈಯಿಟ್ಟಿದ್ದ. ಅಂದಿನಿಂದ ಅದು ದೇವರು ತೋರಿಸಿದ ಕಲ್ಲು. ಸುತ್ತಿಗೆ ತಾಗಿಸಿ ನೋಡಿದರೆ ಅಪನಂಬಿಕೆ ಎಂದಾನು ಎಂದು ಯಾರೂ ನೋಡಲಿಲ್ಲ.

ಹಗ್ಗ ಬಿಗಿಯುವ ಹೊತ್ತಿಗೆ, ಕಲ್ಲು ಒಡೆಯುವ ತಿಮ್ಮಕ್ಕ ಸುತ್ತಿಗೆ ತಾಗಿಸಿ ನೋಡಿದಳು. ತುದಿಯಲ್ಲಿ ಬಡಿದರೆ ಠಣ್ ಎಂದಿತು. ನಡುವೆ, ಮಣ್ಣಿನ ಹೆಂಟೆಗೆ ಬಡಿದಂತೆ, ದಬ್.

"ಒಳಗೆ ಬಿರುಕೈತೆ ಅಯ್ಯನೋರೆ. ಭಾರ ತಡೆಯಾಕಿಲ್ಲ."

"ಮುಟ್ಟಬೇಡ! ಪ್ರಾರ್ಥನೆ ಮಾಡಿ ಆರಿಸಿದ ಕಲ್ಲು ಅದು."

"ದೇವ್ರು ಮೇಲ್ಮಗ್ಗುಲು ತೋರಿಸ್ಬುಟ್ಟು ಕೆಳಮಗ್ಗುಲು ಮುಚ್ಚಿಟ್ನಾ?"

ಹಗ್ಗ ಹಿಡಿದವರಲ್ಲಿ ಯಾರೋ ಕಿಸಕ್ಕೆಂದರು. ಯೋಬಯ್ಯನ ಕಿವಿ ಬಿಸಿಯಾಯಿತು.

"ಅಕ್ಷರ ಬರದೋಳು ನನಗೆ ದೇವರ ಚಿತ್ತ ಹೇಳಿಕೊಡ್ತೀಯಾ? ಪಾದ್ರಿಗಳಿಗೆ ಹೇಳಿ, ಸಭೆಯವರ ಜೊತೆ ಕರ್ತನ ಭೋಜನದ ರೊಟ್ಟಿ ನಿನಗೆ ಸಿಗದ ಹಾಗೆ ಮಾಡ್ತೀನಿ."

ನಗು ನಿಂತಿತು. ತಿಮ್ಮಕ್ಕ ಸುತ್ತಿಗೆಯನ್ನು ನೆಲಕ್ಕೆ ಎಸೆದಳು.

"ಅಲ್ಲಿ ಗುಡಿಯೊಳಕ್ಕೆ ಬಿಡ್ನಿಲ್ಲ, ಇಲ್ಲಿಗೆ ಬಂದೋ. ನೀವೂ ಪಂಕ್ತಿಯಿಂದ ಎಬ್ಬಿಸ್ತೀರಾ? ಎಬ್ಬಿಸಿ. ಕಲ್ಲಿನ ಕೆಳಗೆ ಹಾರೆ ಹಿಡಿಯೋನು ನನ್ ಮಗ ಲಕ್ಕಪ್ಪ. ಅವನ ಮಗ್ಗುಲಲ್ಲಿ ನೀವೂ ನಿಂತ್ಕಳಿ. ದೇವ್ರೇ ತೋರಿಸಿದ್ದಲ್ವಾ, ಭಯ ಏನು?"

"ನಿಲ್ತೀನಿ," ಎಂದ. ಹೋಗಿ ನಿಂತ.

ಹಗ್ಗ ಕಿರುಗುಟ್ಟಿತು. ಕಲ್ಲು ಸೊಂಟ ದಾಟಿತು, ತಲೆ ದಾಟಿತು. ಯೋಬಯ್ಯ ಕಣ್ಣು ಮುಚ್ಚಿದ. ಪ್ರತಿ ಭಾನುವಾರ ಧಾರಾಳವಾಗಿ ಬರುತ್ತಿದ್ದ ಪ್ರಾರ್ಥನೆ ಈಗ ಬರಲಿಲ್ಲ. ಜ್ಞಾನ ಕೊಡು ಎಂದ, ಮಾತು ಅಲ್ಲಿಗೇ ನಿಂತಿತು. ಮೂರು ದಿನವೂ ಇದನ್ನೇ ಕೇಳಿದ್ದ. ಉತ್ತರಕ್ಕೆ ಮಾತ್ರ ಕಾದಿರಲಿಲ್ಲ. ಆ ನುಣುಪು ಕಲ್ಲು ಉಪವಾಸಕ್ಕೆ ಮೊದಲೇ ಅವನ ಕಣ್ಣಿಗೆ ಬಿದ್ದಿತ್ತು.

ಕಣ್ಣು ಬಿಟ್ಟ. ಲಕ್ಕಪ್ಪ ಕಲ್ಲಿನ ನಡುವಿನ ಕೆಳಗೇ ಹಾರೆ ಹಿಡಿದು ನಿಂತಿದ್ದ.

"ಇಳಿಸಿ!"

ಇಳಿಸಿದರು. ಯೋಬಯ್ಯ ಸುತ್ತಿಗೆ ಎತ್ತಿಕೊಂಡು ನಡುವೆ ಬಡಿದ. ದಬ್. ಇನ್ನೊಮ್ಮೆ. ದಬ್. ಹಾರೆ ಹಾಕಿ ಮಗುಚಿ, ಮೆತ್ತಿದ್ದ ಮಣ್ಣು ಕೆರೆದರು. ಕೆಳಮಗ್ಗುಲಲ್ಲಿ ಕೆಂಪು ಮಣ್ಣು ಕೂತ ಗೆರೆ ಈ ಅಂಚಿನಿಂದ ಆ ಅಂಚಿಗೆ ಹೋಗಿತ್ತು.

ಅವನ ಸಿಟ್ಟು ಇಳಿಯಲಿಲ್ಲ. ಅವಳು ಹೇಳಿದ್ದೇ ಸರಿಯಾಯಿತಲ್ಲ ಎಂದು ಇನ್ನಷ್ಟು ಏರಿತು. ಹಲ್ಲು ಕಚ್ಚಿಕೊಂಡೇ ಕೇಳಿದ:

"ಯಾವ ಕಲ್ಲು ತರಬೇಕು, ಹೇಳಿ ತಿಮ್ಮಕ್ಕ."

"ಭೋಜನದ ಮಾತು?"

"ತಪ್ಪು ನಂದು," ಎಂದ ಮೆಲ್ಲಗೆ.

"ಜೋರಾಗಿ. ಬೈದಿದ್ದು ಎಲ್ಲಾರ ಮುಂದೆ."

"ತಪ್ಪು ನಂದು! ಪಾದ್ರಿಗಳಿಗೂ ಅದನ್ನೇ ಹೇಳ್ತೀನಿ!"

ತಿಮ್ಮಕ್ಕ ಸೆರಗು ಬಿಗಿದು ಗಣಿಯ ಕಡೆ ಹೊರಟಳು. ಸುತ್ತಿಗೆಯನ್ನು ಅವನ ಕೈಯಲ್ಲೇ ಬಿಟ್ಟಿದ್ದಳು.

"ಬನ್ನಿ. ಇವತ್ತು ಬಡಿಯೋರು ನೀವೇ," ಎಂದಳು ತಿರುಗದೆ. "ಕಲ್ಲು ಏನಂತೈತೋ ಬಾಯಿ ಮುಚ್ಕಂಡು ಕೇಳಿಸ್ಕಳಿ."