ಮೊಳೆ ಸಾಲು

ಅಂಗಾಲಿಗೆ ತಣ್ಣಗೆ, ಉಬ್ಬು ತಗ್ಗು ಉಬ್ಬು ತಗ್ಗು, ಚಪ್ಪಲಿ ಬಿಟ್ಟು ಹತ್ತಿದ್ದೇ ಒಳ್ಳೆಯದಾಯಿತು, ಬಟ್ಟೆಯ ಗುಣ ಬೆರಳಿಗೆ ತಿಳಿಯುವ ಹಾಗೆ ತಗಡಿನ ಗುಣ ಕಾಲಿಗೇ ತಿಳಿಯಬೇಕು, ಅವಳು ಇನ್ನೊಂದು ಹೆಜ್ಜೆ ಇಟ್ಟು ನಡುಮಧ್ಯಕ್ಕೆ ಬಂದಳು, ಎರಡು ಪೈಪುಗಳ ಮೇಲೆ ಅಡ್ಡ ಮಲಗಿಸಿದ್ದ ಶೀಟು ಅವಳ ಭಾರಕ್ಕೆ ಒಂದಿಷ್ಟು ಬಾಗಿ ಅಲ್ಲೇ ನಿಂತಿತು — ಅಮ್ಮಾ, ಅಮ್ಮಾ, ಇಳೀರಿ, ಇದು ಮನೆ ಮೇಲೆ ಹಾಕೋದು, ಇದರ ಮೇಲೆ ಯಾರು ನಿಂತ್ಕೋತಾರೆ, ಮಳೆ ತಡೆದ್ರೆ ಸಾಕಲ್ವಾ — ಸಾಲದು ಕಣಪ್ಪ, ಮನುಷ್ಯನ್ನೂ ತಡೀಬೇಕು ಅಂದಳು, ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ, ನೋಡಲಿ, ಮೂವತ್ತು ವರ್ಷ ಊರವರ ಮೈ ಅಳತೆ ತೆಗೆದವಳಿಗೆ ಒಂದು ಮನೆಯ ಮೈ ಅಳೆಯುವುದು ಯಾವ ಮಹಾ, ಮೈಗೆ ತಕ್ಕ ಬಟ್ಟೆ, ಗೋಡೆಗೆ ತಕ್ಕ ಸೂರು, ಅಷ್ಟೇ. ಹಂಚು ಹಾಕಿಸು, ಹಂಚಿನ ತಂಪು ಯಾವುದಕ್ಕೂ ಬರಲ್ಲ ಅಂತ ಅತ್ತೆಯದು ಮೂರು ತಿಂಗಳಿಂದ ಒಂದೇ ರಾಗ, ತಂಪು ನಿಜ, ಇಲ್ಲ ಅಂದವರು ಯಾರು, ಆದರೆ ಆ ಭಾರ ಹೊರಲು ನಮ್ಮ ಸಣಕಲು ತೊಲೆಗಳಿಗೆ ಆದೀತೆ, ಅತ್ತೇ, ಹಂಚು ತಂಪಾಗೇ ಇರುತ್ತೆ, ತೊಲೆ ಸಮೇತ ನಿಮ್ಮ ಮೈಮೇಲೆ ಬಂದ್ರೆ ಇನ್ನೂ ತಂಪು ಅಂದಾಗ ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ತಾವೇ ನಕ್ಕಿದ್ದರು, ನಿನ್ನ ಬಾಯಿಗೆ ಬೀಗ ಹಾಕೋರು ಯಾರೇ. ಸಿಮೆಂಟ್ ಶೀಟು, ಬೇಡ, ಅದರ ಹೆಸರೇ ಬೇಡ, ಅಂಗಡಿಯವನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಿದ್ದಳು, ಅಷ್ಟರಲ್ಲೇ ಕಣ್ಣ ಮುಂದೆ ಆ ಚಪ್ಪಲಿ, ಹೆಬ್ಬೆರಳಿಗೆ ನೇತುಬಿದ್ದು ತೂಗುವ ಕಂದು ಚಪ್ಪಲಿ — ಇರಲಿ, ಆಮೇಲೆ. ಉಳಿದದ್ದು ತಗಡು, ಬರೀ ತಗಡಾದರೆ ಬೇಸಿಗೆಯಲ್ಲಿ ಬಾಣಲೆ, ಮಳೆಯಲ್ಲಿ ತಮಟೆ, ಆದರೆ ಇದರ ಕೆಳಗೆ ದಪ್ಪ ಬಿಳಿ ಪದರ ಅಂಟಿಸಿದ್ದಾರೆ, ಅಸ್ತರು ಕೊಟ್ಟ ಕೋಟಿನ ಹಾಗೆ, ಅಸ್ತರಿನ ಬೆಲೆ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಶೀಟಿನ ಮೇಲೆ ಶೀಟು ಎಷ್ಟು ಹತ್ತಿಸ್ತೀಯಪ್ಪ — ಒಂದು ಉಬ್ಬಿನಷ್ಟು, ಒಂದು ಅಲೆ ಅಮ್ಮ — ಒಂದಲ್ಲ, ಎರಡು, ಹೊಲಿಗೆಗೆ ಬಟ್ಟೆ ಬಿಡದೆ ಕತ್ತರಿಸಿದವನು ಆಮೇಲೆ ಗಿರಾಕಿ ಮುಂದೆ ತಲೆ ಕೆರೆದುಕೊಂಡು ನಿಲ್ಲಬೇಕಾಗುತ್ತದೆ. ಅಂಗಡಿಯವನು ಎರಡು ಅಂತ ಬರೆದುಕೊಂಡ.

ಇವರೆಲ್ಲಿ, ಬಾಗಿಲ ಹತ್ತಿರ, ಎಲ್ಲಿ ಹೋದರೂ ಬಾಗಿಲ ಹತ್ತಿರವೇ, ಮಡಚದ ಬಲಗಾಲನ್ನು ಮುಂದೆ ಚಾಚಿ ಶೀಟಿನ ರಾಶಿಗೆ ಒರಗಿದ್ದಾರೆ, ರೀ, ಬನ್ನಿ ಇಲ್ಲಿ, ನೀವೂ ಒಂದ್ಸಲ ನಿಂತು ನೋಡಿ — ನೀನು ನೋಡಿದ್ಯಲ್ಲ, ಸಾಕು — ಹನ್ನೊಂದು ವರ್ಷವಾಯಿತು, ಇವರು ಏಣಿಯ ಮೊದಲ ಮೆಟ್ಟಿಲಿಗೂ ಕಾಲಿಟ್ಟಿಲ್ಲ, ಮೊದಲು ಹೀಗಿರಲಿಲ್ಲ, ಮಧ್ಯಾಹ್ನ ಅಂಚೆಯ ಕಾಗದ ಹಂಚಿ ಸೈಕಲ್ ಒರಗಿಸಿ ಸೀದಾ ಸೂರಿಗೇ ಹತ್ತುತ್ತಿದ್ದರು, ಮೇಲೆ ನಿಂತರೆ ನಾನು ಕಾಗದ ಕೊಡೋ ಅಷ್ಟೂ ಬೀದಿ ಕಾಣುತ್ತೆ ಕಣೇ ಅನ್ನುತ್ತಿದ್ದರು, ಮೊಳೆ ಇರೋ ಸಾಲಲ್ಲಿ ಕೆಳಗೆ ಮರ ಇರುತ್ತೆ, ಮೊಳೆ ಸಾಲು ಬಿಡಬಾರದು, ಅಷ್ಟು ನೆನಪಿದ್ರೆ ಸಿಮೆಂಟ್ ಶೀಟಿನ ಮೇಲೆ ಓಡಾಡಬಹುದು. ಆ ದಿನ ಮಳೆ ಆಗಷ್ಟೇ ನಿಂತಿತ್ತು, ಬಿರುಕು ಮುಚ್ಚಲು ಡಾಂಬರಿನ ಡಬ್ಬ ಹಿಡಿದು ಹತ್ತಿದ್ದಾರೆ, ಕೆಳಗೆ ಹೊಲಿಗೆ ಮೆಷಿನ್ನಿನ ಮೇಲೆ ತೊಟ್ಟು ತೊಟ್ಟು ಸೋರುತ್ತಿದೆ, ಆಮೇಲೆ ಫಟ್ ಅಂತ ಶಬ್ದ, ಧೂಳು, ಬೆಳಕು, ತಲೆಯ ಮೇಲೆ ತೊಡೆಯವರೆಗೆ ಒಂದು ಕಾಲು, ಹೆಬ್ಬೆರಳಿನಲ್ಲಿ ತೂಗುವ ಚಪ್ಪಲಿ, ಅವಳಿಗೆ ನಗು ಬಂತು, ತಡೆಯಲಾಗದ ನಗು, ಮೇಲಿಂದ ಇವರೂ ನಗುತ್ತ, ನಗಬೇಡ್ವೇ, ಯಾರನ್ನಾದ್ರೂ ಕರಿ. ಬಂದವರಿಗೆಲ್ಲ ಹೇಳಿ ಹೇಳಿ ಅದು ಮನೆಯ ತಮಾಷೆಯಾಯಿತು, ಮಂಡಿ ಮಾತ್ರ ಆಮೇಲೆ ಮಡಚಲಿಲ್ಲ, ಸೈಕಲ್ ಹೋಯಿತು, ಈಗ ಅಂಚೆ ಕಚೇರಿಯ ಒಳಗೆ ಕೂತು ಇವರು ಬೀದಿವಾರು ಕಾಗದ ಜೋಡಿಸಿ ಕಟ್ಟುತ್ತಾರೆ, ಬೀದಿಗೆ ಬೇರೆಯವರು ಹೋಗುತ್ತಾರೆ.

ಅದಕ್ಕೇ ತಾನೆ ಅವಳು ನಡುಮಧ್ಯದಲ್ಲಿ ನಿಂತು ನೋಡಿದ್ದು, ಮೊಳೆ ಸಾಲು ಅಂತ ಲೆಕ್ಕ ಇಡದೆ ಎಲ್ಲಿ ಬೇಕಾದರೂ ಕಾಲಿಡಬಹುದಾದ ಸೂರು, ಪಕ್ಕಕ್ಕೆ ಕೈ ಹಿಡಿಯುವ ಕಂಬಿಯಿರುವ ಗಟ್ಟಿ ಏಣಿ, ಒಂದು ಸಂಜೆ ಇವರನ್ನು ಹತ್ತಿಸಿ ಬೀದಿಗಳನ್ನು ತೋರಿಸಿಬಿಟ್ಟರೆ ಆಯಿತು, ಎಲ್ಲವನ್ನೂ ಒಂದೇ ಹೊಲಿಗೆಯಲ್ಲಿ ಮುಚ್ಚಿಬಿಡಬಹುದು, ಆಗುತ್ತದೆ, ಯಾಕಾಗಬಾರದು. ಕಾಲಿಗೇನಾಯ್ತು ಸ್ವಾಮಿ ಅಂತ ಅಂಗಡಿಯವನು ಕೇಳುತ್ತಿದ್ದಾನೆ, ಇವರು ಎಂದಿನ ಹಾಗೆ ನಗುತ್ತ, ನಂದೇ ಅವಸರದ ಬುದ್ಧಿ, ಮೊಳೆ ಸಾಲು ಬಿಟ್ಟು ಕಾಲಿಟ್ಟೆ — ಹನ್ನೊಂದು ವರ್ಷದಿಂದ ಇದೇ ಮಾತು, ಡಾಕ್ಟರಿಗೂ ಇದೇ, ಅತ್ತೆಗೂ ಇದೇ, ಅವಳ ಎದುರಿಗೂ ಇದೇ, ಆದರೆ ಕೋಲು, ಅಳತೆಕೋಲು, ಅದರ ಸುದ್ದಿ ಇವರು ಯಾರ ಹತ್ತಿರವೂ ಎತ್ತಿಲ್ಲ, ಆ ದಿನ ಇವರು ಮೇಲಿಂದ, ಬಿರುಕು ಕಾಣ್ತಿಲ್ಲ ಕಣೇ, ಎಲ್ಲಿದೆ ಅಂದಾಗ ಸ್ಟೂಲು ಹತ್ತಿ ಕೋಲಿನ ತುದಿಯಿಂದ ಶೀಟಿಗೆ ಟಕ್ ಟಕ್ ಬಡಿದವಳು ಅವಳು, ಇಲ್ಲಿ ರೀ, ಇಲ್ಲಿ — ಮೊಳೆ ಸಾಲಲ್ಲಿದೀನಿ, ಅಲ್ಲಿಗೆ ಕೈ ಎಟುಕಲ್ಲ — ಒಂದು ಹೆಜ್ಜೆ ಬನ್ನಿ ಅಂದ್ರೆ, ಏನಾಗುತ್ತೆ, ಇಲ್ಲಿ ನಾಳೆ ಕೊಡೋ ರೇಷ್ಮೆ ಹಾಳಾಗ್ತಿದೆ, ಟಕ್ ಟಕ್, ಬನ್ನಿ — ಬಂದರು, ಹೇಳಿದಲ್ಲಿಗೇ ಬಂದರು. ಅಮ್ಮಾ, ಅಂತ ಅಂಗಡಿಯವನು, ಹಾಗಾದ್ರೆ ಯಾವುದು ಬರೀಲಿ, ನೀವು ಅಂದ ಅಸ್ತರಿಂದೇನಾ — ಬಾಗಿಲಿಂದ ಇವರು, ಅವಳು ಹೇಳಿದ್ದೇ ಬರ್ಕೊಳಪ್ಪ, ಅವಳ ಅಳತೆ ಒಂದು ದಿನಾನೂ ತಪ್ಪಿಲ್ಲ — ಹೌದು, ಅಸ್ತರಿನದೇ, ದಪ್ಪನೆಯದು, ಎರಡು ಅಲೆ, ಎಲ್ಲ ನಾಲಿಗೆಯ ತುದಿಯಲ್ಲಿದೆ, ಹೇಳಬೇಕು, ಬಾಯಿ ತೆರೆದಳು, ಟಕ್, ಎತ್ತಿ ಹಿಡಿದ ಕೋಲು, ಅದರ ತುದಿಗೆ ಒಂದೇ ಬೆರಳಿನ ದೂರದಲ್ಲಿ ಹೆಬ್ಬೆರಳು, ಹೆಬ್ಬೆರಳಿಗೆ ಚಪ್ಪಲಿ, ಆ ಕಡೆಗೆ, ಈ ಕಡೆಗೆ, ಇನ್ನೂ ಬೀಳದ ಚಪ್ಪಲಿ